ಶುದ್ಧ ಬಾಯಿಯ ಸಾರಥಿ

ಮದ್ಯವೆಂಬ ವಸ್ತುವನ್ನು ನಾನು ನಾಲಗೆಗೆ ಸೋಕಿಸಿದವನಲ್ಲ; ಮೂಗಿಗೂ ಸೋಕಗೊಟ್ಟವನಲ್ಲ. ಆದ್ದರಿಂದ ಹೊಸ ಕಾರು ಕೊಳ್ಳಲು ಹೋದ ದಿನ ಅಂಗಡಿಯವನು, "ಸಾರ್, ಉಸಿರು ನೋಡೋ ಯಂತ್ರಾನೂ ಹಾಕಿಸ್ಬಹುದು. ಕುಡಿದು ಕೂತ್ರೆ ಗಾಡಿ ಸ್ಟಾರ್ಟೇ ಆಗಲ್ಲ. ನಿಮಗ್ಯಾಕೆ ಬಿಡಿ," ಎಂದಾಗ, ನನ್ನೊಳಗಿನ ಸಚ್ಚಾರಿತ್ರ್ಯವು ಮಲಗಿದ್ದ ಸಿಂಹದಂತೆ ಕೇಸರ ಕೊಡವಿ ಎದ್ದು ನಿಂತಿತು.

"ನನಗೇ ಬೇಕು! ಹಾಕಿ!" ಎಂದು ಗರ್ಜಿಸಿದೆ.

ಆ ಕಾರಿನ ಗುಣಗಳನ್ನು ಏನೆಂದು ವರ್ಣಿಸಲಿ! ವಿದ್ಯುತ್ತಿನಿಂದ ಓಡುವ ಅದು ಹೊಗೆಯುಗುಳದ ಸಾಧುಪ್ರಾಣಿ. ಗೆರೆ ದಾಟಿದರೆ ಗದರುವುದು. ಕಣ್ಣು ಮುಚ್ಚಿದರೆ ಎಚ್ಚರಿಸುವುದು. ಹಾದಿ ತಪ್ಪಿದರೆ ಅಶರೀರವಾಣಿಯೊಂದು ಹೆಣ್ಣುದನಿಯಲ್ಲಿ ತಿದ್ದುವುದು. ಎಲ್ಲಕ್ಕೂ ಮೇಲೆ, ಸ್ಟೀರಿಂಗಿನ ಪಕ್ಕದ ಊದುಕೊಳವೆ. ಪ್ರತಿದಿನ ಹೊರಡುವ ಮುನ್ನ ನಾನು ನೀರಿನಿಂದ ಬಾಯಿ ಮುಕ್ಕಳಿಸಿ, ಬೆನ್ನು ನೆಟ್ಟಗೆ ಮಾಡಿ ಅದರೊಳಗೆ ಊದುತ್ತಿದ್ದೆ. ಹಸಿರು ದೀಪ ಬೆಳಗುತ್ತಿತ್ತು. ಮರುಕ್ಷಣವೇ ನಾನು ಗೊತ್ತುಮಾಡಿದ್ದ ಮೂವರ ಫೋನುಗಳಿಗೆ "ಚಾಲಕರು ಶುದ್ಧರಾಗಿದ್ದಾರೆ" ಎಂಬ ಸಂದೇಶ ಹೋಗುತ್ತಿತ್ತು.

ಆ ಮೂವರಲ್ಲಿ ಮೊದಲನೆಯವರು ನಾನು ದುಡಿಯುವ ಗ್ರಂಥಾಲಯದ ನಿರ್ದೇಶಕಿ. ಎರಡನೆಯವರು ಮೇಲಿನ ಮಹಡಿಯ ನಿವೃತ್ತ ನ್ಯಾಯಾಧೀಶರು. ಮೂರನೆಯವನೇ ಮುಖ್ಯ: ನನ್ನ ಹೆಂಡತಿಯ ತಮ್ಮ. ಆತ ಬಡಗಿ. ಕೈಯಲ್ಲಿ ಕಲೆಯಿತ್ತು, ಹೊಟ್ಟೆಯಲ್ಲಿ ಸೀಸೆಯಿತ್ತು. ಒಂದು ದಿನ ತೂರಾಡುತ್ತ ಬಂದು, ತಾನೇ ಮಾಡಿಕೊಟ್ಟ ಪುಸ್ತಕದ ಕಪಾಟಿನ ಮೇಲೆ ಬಿದ್ದು, ಇಪ್ಪತ್ತೆರಡು ಸಂಪುಟಗಳೊಡನೆ ನೆಲಕ್ಕೊರಗಿದ್ದ. ಅಂದಿನಿಂದ ಅವನಿಗೆ ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ನನ್ನ ಸಂದೇಶ ಮಾತ್ರ ತಪ್ಪದೆ ತಲುಪುತ್ತಿತ್ತು.

"ರೀ, ದಿನಾ ಬೆಳಗ್ಗೆದ್ದು ಅವನಿಗ್ಯಾಕೆ ಚುಚ್ತೀರಾ?" ಎಂದು ನನ್ನಾಕೆ ಕೇಳಿದಳು.

"ಚುಚ್ಚೋದಲ್ಲ ಕಣೆ, ಉದ್ಧಾರ ಮಾಡೋದು!"

"ನಿಮ್ಮ ಉಸಿರು ನೋಡಿ ಉದ್ಧಾರ ಆದೋರನ್ನ ನಾನಂತೂ ಕಂಡಿಲ್ಲ. ಇಪ್ಪತ್ತಾರು ವರ್ಷದಿಂದ ಪಕ್ಕದಲ್ಲೇ ಮಲಗಿದೀನಿ."

ಇಂತಹ ಮಾತನ್ನಾಡುವ ಆಕೆಯ ಹೊಟ್ಟೆಯಲ್ಲಿ ಒಂದು ಗಡ್ಡೆಯಿತ್ತು. ಇದನ್ನು ನಾನು ನಗುತ್ತ ಹೇಳಲಾರೆ. ಶಸ್ತ್ರಚಿಕಿತ್ಸೆಯ ದಿನ ಎರಡು ಬಾರಿ ಮುಂದೆ ಹೋಗಿತ್ತು. ಮೂರನೆಯ ಬಾರಿ ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸೋಮವಾರ ಬೆಳಗ್ಗೆ ಏಳಕ್ಕೆ ಇಲ್ಲಿರಬೇಕು. ತಪ್ಪಿದ್ರೆ ಆ ಜಾಗ ಬೇರೆಯವರಿಗೆ ಹೋಗುತ್ತೆ, ಮತ್ತೆ ಆರು ವಾರ. ನಾನು ಆರು ವಾರ ಕಾಯಬಲ್ಲೆ. ಅದು ಕಾಯುತ್ತೆ ಅಂತ ಹೇಳಲಾರೆ," ಎಂದಿದ್ದರು.

ಭಾನುವಾರ ಸಂಜೆ ಆಕೆ ಚೀಲಕ್ಕೆ ಬಟ್ಟೆ ತುಂಬುತ್ತ ಕೇಳಿದಳು: "ತಮ್ಮನ್ನ ಕರೀಲಾ? ಜೊತೆಗಿದ್ರೆ ಒಂದು ಧೈರ್ಯ."

"ಅವನೇಕೆ? ಸಾರಥ್ಯಕ್ಕೆ ನಾನಿಲ್ಲವೇ?"

"ಸಾರಥಿ ಇದ್ದೀರಿ, ಗೊತ್ತು," ಎಂದವಳು ಮತ್ತೇನೂ ಹೇಳಲಿಲ್ಲ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕುಳಿತವನಿಗೆ ಒಂದು ದುರಭ್ಯಾಸ ಅಂಟಿರುತ್ತದೆ: ಯಾರು ಮೌನವಾಗಿದ್ದರೂ ಅವರು ಸಂತೋಷವಾಗಿದ್ದಾರೆಂದೇ ತಿಳಿಯುವುದು.

ಸೋಮವಾರ ಬಂತು. ದೊಡ್ಡ ವೈದ್ಯರೊಡನೆ ಮುಖಾಮುಖಿ ಮಾತನಾಡಬೇಕಾದ ದಿನ! ಬಾಯಿಗೆ ಬರಿಯ ನೀರು ಸಾಲದೆನಿಸಿ, ಔಷಧಿಯಂಗಡಿಯಿಂದ ನೀಲಿ ಬಣ್ಣದ ಬಾಯಿ ತೊಳೆಯುವ ದ್ರವವನ್ನು ತಂದಿಟ್ಟಿದ್ದೆ. ಮೂರು ಸಲ ಮುಕ್ಕಳಿಸಿದೆ. ಬಾಯಿಯೊಳಗೆ ಹಿಮಪರ್ವತವೇ ಇಳಿದಂತಾಯಿತು. ಆರು ಗಂಟೆ ಹತ್ತು ನಿಮಿಷಕ್ಕೆ ಕಾರಿನಲ್ಲಿ ಕುಳಿತು, ದೇವರನ್ನು ನೆನೆದು, ಊದಿದೆ.

ಕೆಂಪು ದೀಪ!

"ಮದ್ಯದ ಅಂಶ ಪತ್ತೆಯಾಗಿದೆ. ದಯವಿಟ್ಟು ಐದು ನಿಮಿಷ ಕಾಯಿರಿ," ಎಂದಿತು ಅಶರೀರವಾಣಿ.

ನನ್ನ ಹೆಂಡತಿ ತಿರುಗಿ ನೋಡಿದಳು. "ಏನ್ರೀ ಇದು?"

"ಯಂತ್ರಕ್ಕೆ ಭ್ರಮೆ! ಬಾಯಲ್ಲಿ ಏನೋ ಕಶ್ಮಲ ಉಳಿದಿರಬೇಕು. ಈಗ ಬಂದೆ!" ಎಂದು ಒಳಗೋಡಿದೆ. ಕಶ್ಮಲವನ್ನು ನಿರ್ಮೂಲ ಮಾಡಲು ಮತ್ತೆ ಐದು ಸಲ ಮುಕ್ಕಳಿಸಿದೆ. ಗಂಟಲಿನಲ್ಲಿ ಗಳಗಳ ಸದ್ದು ಮಾಡಿದೆ. ಬಂದು ಊದಿದೆ.

ಕೆಂಪು ಇನ್ನಷ್ಟು ಕೆಂಪಾಯಿತು! "ಮದ್ಯದ ಅಂಶ ಹೆಚ್ಚಾಗಿದೆ. ದಯವಿಟ್ಟು ಹತ್ತು ನಿಮಿಷ ಕಾಯಿರಿ."

"ಹೆಚ್ಚಾಗಿದೆಯಂತೆ," ಎಂದಳು ಆಕೆ. "ಒಳಗೆ ಹೋಗಿ ಏನು ಮಾಡ್ಕೊಂಡು ಬಂದ್ರಿ?"

"ಶುದ್ಧಿ ಕಣೆ, ಶುದ್ಧಿ!"

"ಟ್ಯಾಕ್ಸಿ ಕರೀರಿ."

"ಮನೆಯಲ್ಲಿ ಕಾರಿಟ್ಟುಕೊಂಡು ಟ್ಯಾಕ್ಸಿಯೇ? ಈ ಹಾಳು ಯಂತ್ರ ನನ್ನನ್ನು ಕುಡುಕ ಅನ್ನುವುದು, ನಾನು ಬಾಲ ಮುದುರಿಕೊಂಡು ಟ್ಯಾಕ್ಸಿ ಹತ್ತುವುದೇ?"

ಹತ್ತು ನಿಮಿಷ ಕಳೆಯುವಷ್ಟರಲ್ಲಿ, ನನ್ನ ಮಾನವನ್ನು ಕಾಪಾಡಿಕೊಳ್ಳಲು, ಸೀಸೆಯನ್ನೇ ಕಾರಿಗೆ ತಂದು ಕಿಟಕಿಯಾಚೆ ಉಗುಳುತ್ತ ಉಳಿದದ್ದನ್ನೆಲ್ಲ ಬರಿದು ಮಾಡಿದೆ. ಮೂರನೆಯ ಸಲ ಊದಿದೆ.

ಆಗ ಪ್ರಳಯವಾಯಿತು! ಹಾರ್ನು ತನ್ನಷ್ಟಕ್ಕೆ ತಾನೇ ಕೂಗತೊಡಗಿತು. ನಾಲ್ಕೂ ದೀಪಗಳು ಮಿಟುಕತೊಡಗಿದವು. ಮೂವತ್ತು ವರ್ಷ "ಸದ್ದು ಮಾಡಬೇಡಿ" ಎಂದು ಜನರನ್ನು ಗದರಿದವನ ಕಾರು ಬೀದಿಯ ಏಳೂ ಮನೆಗಳನ್ನು ಎಬ್ಬಿಸಿತು. "ಚಾಲಕರು ಮದ್ಯದ ಅಮಲಿನಲ್ಲಿದ್ದಾರೆ. ವಾಹನವನ್ನು ತಡೆಹಿಡಿಯಲಾಗಿದೆ" ಎಂಬ ಸಂದೇಶ, ನಾನೇ ಗೊತ್ತುಮಾಡಿದ್ದ ಮೂವರಿಗೂ ಹಾರಿಹೋಯಿತು.

ನ್ಯಾಯಾಧೀಶರು ಬಾಲ್ಕನಿಗೆ ಬಂದರು. "ಏನ್ರೀ, ಇಷ್ಟು ಬೆಳಗ್ಗೇನೇ ಶುರು ಹಚ್ಕೊಂಡ್ರಾ?"

"ನಾನು ಕುಡಿದಿಲ್ಲ ಸ್ವಾಮಿ!"

"ನಲವತ್ತು ವರ್ಷ ನನ್ನೆದುರು ನಿಂತೋರೆಲ್ಲ ಅದನ್ನೇ ಅಂದಿದ್ದು!"

ಹೆಂಡತಿ ಕನ್ನಡಕ ಏರಿಸಿ ಖಾಲಿ ಸೀಸೆಯ ಹಿಂಬದಿಯನ್ನು ಓದಿದಳು. ಸಾವಿರಾರು ಗ್ರಂಥಗಳ ಪುಟ ತಿರುವಿದವನು ನಾನು. ಅಂಗೈಯಗಲದ ಆ ಚೀಟಿಯನ್ನು ಮಾತ್ರ ಓದಿರಲಿಲ್ಲ.

"ಇದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೇ ಇದೆಯಲ್ರೀ! ಸುಮ್ನೆ ಕೂತಿದ್ರೆ ಐದು ನಿಮಿಷದಲ್ಲಿ ಹೋಗ್ತಿತ್ತೋ ಏನೋ. ತೊಳೆದೂ ತೊಳೆದೂ ಕುಡುಕರಾದ್ರಿ."

ಹಾರ್ನು ಕೂಗಿ ಕೂಗಿ ದಣಿದು ನಿಂತಿತು. ಈಗ ಟ್ಯಾಕ್ಸಿಗೆ ಫೋನು ಮಾಡಿದೆ. ಹತ್ತಿರದ್ದು ಬರಲು ನಲವತ್ತು ನಿಮಿಷವಂತೆ. ಗಂಟೆ ಆರೂವರೆ.

ಅಶರೀರವಾಣಿ ಮತ್ತೆ ನುಡಿಯಿತು: "ಬೇರೆ ಚಾಲಕರಿದ್ದರೆ ಊದಬಹುದು."

ಓದುಗರೇ, ಇಲ್ಲಿಂದ ಮುಂದಿನದನ್ನು ನಾನು ತಲೆತಗ್ಗಿಸಿಯೇ ಹೇಳಬೇಕು. ಸತ್ಯಸಂಧನೆಂದು ಮೂರು ಫೋನುಗಳಲ್ಲಿ ದಿನವೂ ಸಾರಿಕೊಂಡವನು ಆ ಕೊಳವೆಯನ್ನು ಹೆಂಡತಿಯ ಬಾಯಿಯ ಬಳಿ ಹಿಡಿದೆ. "ನೀನೊಂದ್ಸಲ ಊದಿಬಿಡು. ಆಮೇಲೆ ನಾನು ಓಡಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಆಕೆ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಊದಿದಳು.

"ಉಸಿರು ಸಾಲದು. ಇನ್ನೂ ಜೋರಾಗಿ ಊದಿರಿ."

ಒಂದು ಕೈಯಿಂದ ಹೊಟ್ಟೆಯನ್ನು ಅದುಮಿಕೊಂಡು ಮತ್ತೆ ಊದಿದಳು. ಹಣೆಯ ನರ ಉಬ್ಬಿತು.

"ಉಸಿರು ಸಾಲದು."

"ಆಗ್ತಿಲ್ಲ ಕಣ್ರೀ," ಎಂದಳು. ಅಷ್ಟು ಮೆಲ್ಲನೆಯ ದನಿಯನ್ನು ನಾನು ಆಕೆಯಲ್ಲಿ ಕೇಳಿಯೇ ಇರಲಿಲ್ಲ. ಇಷ್ಟು ಕಡಿಮೆ ಉಸಿರಿನಲ್ಲಿ ಈಕೆ ಇಷ್ಟು ದಿನ ನನ್ನೊಡನೆ ಹೇಗೆ ಜಗಳವಾಡಿದಳು ಎಂಬ ಯೋಚನೆ ಬಂದು, ನನ್ನ ಕೈಯ ಕೊಳವೆ ಜಾರಿತು.

ಅಷ್ಟರಲ್ಲಿ ಗೇಟಿನ ಬಳಿ ಸೈಕಲ್ಲೊಂದು ಬಿದ್ದ ಸದ್ದಾಯಿತು. ಭಾವಮೈದುನ! ತೋಳಿನ ಮೇಲೆ ಮರದ ಹೊಟ್ಟು, ಮೈತುಂಬ ಬೆವರು. ಸಂದೇಶ ನೋಡಿದವನೇ ಎರಡು ಬೀದಿಯಾಚೆಯಿಂದ ತುಳಿದುಕೊಂಡು ಬಂದಿದ್ದ. ನನ್ನತ್ತ ನೋಡಲೂ ಇಲ್ಲ.

"ಅಕ್ಕಾ, ನೀರೂ ಕುಡಿದಿಲ್ಲ ತಾನೆ? ಬೆಲ್ಟು ಮೇಲಕ್ಕೆ ಬರೋದು ಬೇಡ, ಕೆಳಗೆ ಮಾಡ್ಕೋ. ಭಾವ, ಸ್ವಲ್ಪ ಇಳೀರಿ."

"ನೀನು? ಈ ಯಂತ್ರದೆದುರು ನೀನು?" ಎಂದೆ. ಮುಳುಗುತ್ತಿದ್ದರೂ ನನ್ನ ಮೀಸೆ ಮಾತ್ರ ನೀರಿನ ಮೇಲೆಯೇ ಇತ್ತು.

ಅವನು ಕೊಳವೆಯನ್ನು ಅಂಗಿಯ ತುದಿಗೆ ಒರೆಸಿ ಊದಿದ. ಹಸಿರು ದೀಪ! ನಾಲ್ಕೂ ದೀಪಗಳ ಮಿಟುಕಾಟ ನಿಂತಿತು. ಚಾಲಕರು ಶುದ್ಧರಾಗಿದ್ದಾರೆಂದು ಅವನ ಜೇಬಿನ ಫೋನೇ ಟಿಣ್ಣೆಂದಿತು.

ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೆ. ಕಾರು ಹೊರಟಿತು. ಹಿಂದೊಮ್ಮೆ ಮರಗೆಲಸದಂಗಡಿಯ ವ್ಯಾನು ಓಡಿಸಿದ್ದ ಕೈ ಅದು. ಪ್ರತಿಯೊಂದು ಉಬ್ಬನ್ನೂ ಹತ್ತರಿ ಹೊಡೆದು ನಯಮಾಡಿದಂತೆ ದಾಟಿಸುತ್ತಿದ್ದ. ನಾನು ಓಡಿಸುವಾಗ ಹೆಂಡತಿ ಪ್ರತಿ ಗುಂಡಿಗೂ ನರಳುತ್ತಿದ್ದಳು. ನನ್ನ ಸಾರಥ್ಯದ ಬಗ್ಗೆ ಕೊಂಕು ತೆಗೆಯುತ್ತಿದ್ದಾಳೆಂದು ನಾನು ಮುನಿಯುತ್ತಿದ್ದೆ. ಅಂದು ಆಕೆ ಒಮ್ಮೆಯೂ ನರಳಲಿಲ್ಲ.

"ಬಿಟ್ಟು ಎಷ್ಟು ದಿನ ಆಯ್ತೋ?" ಎಂದು ಕೇಳಿದೆ.

"ಹನ್ನೊಂದು ತಿಂಗಳು, ಭಾವ."

"ಒಂದು ಮಾತು ಹೇಳಬಾರದಿತ್ತೇ!"

"ನೀವು ಕೇಳ್ಲಿಲ್ಲ. ದಿನಾ ನಿಮ್ಮ ವಿಷಯಾನೇ ಹೇಳ್ತಿದ್ರಿ."

"ನಿನಗೆ ಗೊತ್ತಿತ್ತೇನೆ?" ಎಂದು ಹೆಂಡತಿಯನ್ನು ಕೇಳಿದೆ.

"ಗೊತ್ತಿತ್ತು. ಹೇಳಿದ್ರೆ ಕರೆಸಿ ಊದಿಸಿ ನೋಡ್ತಿದ್ರಿ," ಎಂದಳು ಆಕೆ ಕಣ್ಣು ಮುಚ್ಚಿಕೊಂಡೇ.

ಉತ್ತರ ಕೊಡಲು ಬಾಯಿ ತೆರೆದೆ. ಪುದೀನದ ವಾಸನೆಯೊಂದೇ ಹೊರಬಂತು.

ಏಳಕ್ಕೆ ಎರಡು ನಿಮಿಷವಿರುವಾಗ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಗಾಲಿಮಂಚದ ಮೇಲೆ ಮಲಗಿಸಿಕೊಂಡು ಹೋಗುವಾಗ ಆಕೆ ತಮ್ಮನ ಕೈ ಹಿಡಿದುಕೊಂಡಿದ್ದಳು. ನನ್ನ ಕೈಗೆ ಕನ್ನಡಕ ಕೊಟ್ಟು, "ಬಾಯಿ ತೊಳ್ಕೊಳ್ಳಿ. ಬರೀ ನೀರಲ್ಲಿ," ಎಂದಳು. ಬಾಗಿಲು ಮುಚ್ಚಿತು.

ನಾಲ್ಕು ಗಂಟೆ ಕುಳಿತೆವು. ನಡುವೆ ನಿರ್ದೇಶಕಿಯವರು ಫೋನು ಮಾಡಿ, "ಮುಚ್ಚುಮರೆ ಬೇಡ. ಎಷ್ಟು ದಿನ ಬೇಕಾದ್ರೂ ರಜೆ ತಗೊಳ್ಳಿ. ಈ ಚಟ ಬಿಡಿಸೋ ಒಳ್ಳೆ ವೈದ್ಯರು ಗೊತ್ತಿದಾರೆ," ಎಂದರು. ಅಲ್ಲವೆನ್ನುವ ಚೈತನ್ಯ ನನ್ನಲ್ಲಿರಲಿಲ್ಲ. "ಧನ್ಯವಾದ, ಮೇಡಂ," ಎಂದೆ.

ಕೊನೆಗೆ ವೈದ್ಯರು ಹೊರಬಂದರು. ಗಡ್ಡೆಯನ್ನು ತೆಗೆದಾಗಿತ್ತು. ಅದು ಎಂಥದೆಂದು ತಿಳಿಯಲು ಹತ್ತು ದಿನ ಕಾಯಬೇಕು. ಬೆಳಗಿನಿಂದ ಜೋಡಿಸಿಟ್ಟಿದ್ದ ಮಾತುಗಳನ್ನು ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ತಲೆಯಾಡಿಸಿದೆ. ಭಾವಮೈದುನ ಗೋಡೆಯತ್ತ ತಿರುಗಿ ನಿಂತ. ಅವನ ಬೆನ್ನ ಮೇಲೆ ಕೈಯಿಡಬೇಕೆಂದುಕೊಂಡೆ. ಅಷ್ಟರಲ್ಲಿ ದಾದಿ ಬಂದಳು.

"ಅಮ್ಮನಿಗೆ ಎಚ್ಚರ ಆಗಿದೆ. ಒಬ್ರೇ ಬರ್ಬೇಕು. ಗಾಡಿ ಓಡಿಸ್ಕೊಂಡು ಬಂದೋರನ್ನ ಕಳ್ಸಿ ಅಂತಿದಾರೆ."

ಇಪ್ಪತ್ತಾರು ವರ್ಷಗಳ ಅಭ್ಯಾಸಬಲದಿಂದ ನಾನು ಎದ್ದು ನಿಂತೆ. ಅಂಗಿಯ ಕೊರಳುಪಟ್ಟಿಯನ್ನು ಸರಿಪಡಿಸಿಕೊಂಡು ಎರಡು ಹೆಜ್ಜೆಯನ್ನೂ ಇಟ್ಟೆ.

"ಗಾಡಿ ಓಡಿಸಿದ್ದು ನೀವೇನಾ ಸಾರ್?"

"ಅಲ್ಲಮ್ಮ," ಎಂದು ಭಾವಮೈದುನನಿಗೆ ದಾರಿ ಬಿಟ್ಟೆ. "ನಾನು ಹಿಂದಿನ ಸೀಟಿನವನು."