ಯಂತ್ರ ಮುನಿದ ಮೂರು ದಿನ

ಐವತ್ತೆರಡರ ತ್ಸಾಯ್ ಜಿನ್‌ಫಾ ಆ ದಿನ ಬೆಳಿಗ್ಗೆ ತನ್ನ ಅಂಗಡಿಯ ತಿಂಡಿ ಪಟ್ಟಿಯ ಹಲಗೆ ಮೇಲೆ, ಬಿಸಿ ಸೋಯಾ ಹಾಲಿನ ಕೆಳಗೆ, ಮೂಲಂಗಿ ಕಡುಬಿನ ಮೇಲೆ, ಸೀಮೆಸುಣ್ಣದಲ್ಲಿ ದಪ್ಪಗೆ ಬರೆದ: "ಇಂದಿನಿಂದ ಮಾಲೀಕರಿಗೆ ದಿನಕ್ಕೆ ಹದಿನಾರು ಗಂಟೆ ಉಪವಾಸ. ಮೂರು ತಿಂಗಳಲ್ಲಿ ಆರು ಕಿಲೋ ಮಾಯ. ಗಿರಾಕಿಗಳೇ ಸಾಕ್ಷಿ!" ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಶಾಸನ ಕೆತ್ತಿಸಿದ ರಾಜನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನೋಡಿದ. ಸೊಂಟ ಎಲ್ಲಿದೆ ಎಂದು ಕೈಗೆ ಸ್ವಲ್ಪ ಹುಡುಕಬೇಕಾಯಿತು.

"ಹಲಗೆ ಮೇಲೆ ಬರೆದಿದ್ದನ್ನ ಒದ್ದೆ ಬಟ್ಟೇಲಿ ಒರೆಸಬಹುದು ಕಣ್ರೀ," ಎಂದಳು ಹೆಂಡತಿ ಬಾವ್‌ಜು, ಹಿಟ್ಟು ನಾದುತ್ತ. "ಡಾಕ್ಟರು ಬರೆದಿದ್ದನ್ನ ಒರೆಸೋಕಾಗಲ್ಲ."

ಡಾಕ್ಟರು ಬರೆದದ್ದು ಇಷ್ಟೇ. ಎಂಬತ್ತೆಂಟು ಕಿಲೋ ತೂಗುವ ಈ ದೇಹ ಮೂರು ತಿಂಗಳಲ್ಲಿ ಎಂಬತ್ತೆರಡಕ್ಕೆ ಇಳಿಯಬೇಕು, ಜೊತೆಗೆ ಸಕ್ಕರೆಯೂ ಇಳಿಯಬೇಕು. ಇಲ್ಲವಾದರೆ ಗುಳಿಗೆ ಸಾಲದು, ದಿನಾ ಹೊಟ್ಟೆಗೆ ಸೂಜಿ. ಕುದಿಯುವ ಎಣ್ಣೆಗೆ ಹೆದರದ ಜಿನ್‌ಫಾ ಸೂಜಿಗೆ ಮಾತ್ರ ಗಡಗಡ ನಡುಗುತ್ತಿದ್ದ. ಹಿಂದೊಮ್ಮೆ ನೆಗಡಿ ಜ್ವರದ ಲಸಿಕೆ ಹಾಕಿಸಿಕೊಳ್ಳಲು ಹೋಗಿ, ದಾದಿ ಹತ್ತಿ ಉಜ್ಜುವಾಗಲೇ ಅವಳ ಮೇಲೆ ಮೂರ್ಛೆ ಹೋಗಿದ್ದ. ಈ ಸೂಜಿಯನ್ನು ಮನೆಯಲ್ಲಿ ಬಾವ್‌ಜುವೇ ಚುಚ್ಚಬೇಕೆಂದು ಡಾಕ್ಟರು ಬೇರೆ ಹೇಳಿದ್ದರು. ಮೂವತ್ತು ವರ್ಷ ಹಿಟ್ಟನ್ನು ಬಡಿದು ಬಡಿದು ಪಳಗಿದ ಆ ಕೈ ನೆನೆದರೆ ಜಿನ್‌ಫಾನಿಗೆ ಹೊಕ್ಕುಳವೇ ಒಳಕ್ಕೆ ಸರಿದಂತಾಗುತ್ತಿತ್ತು.

ಹಾಗಾಗಿ ಉಪವಾಸ. ರಾತ್ರಿ ಎಂಟಕ್ಕೆ ಬಾಯಿಗೆ ಬೀಗ, ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಬೀಗ ತೆಗೆಯುವುದು. ತೈವಾನಿನಲ್ಲಿ ಆಗ ಊರಿಗೆ ಊರೇ ಮಾಡುತ್ತಿದ್ದ ವ್ರತ ಅದು. ಬೇರೆಯವರು ಮಲಗಿ, ಎದ್ದು, ಕಚೇರಿಗೆ ಹೋಗಿ ಕಾಲ ತಳ್ಳುತ್ತಿದ್ದರು. ಜಿನ್‌ಫಾನದು ಬೆಳಗಿನ ತಿಂಡಿಯ ಅಂಗಡಿ! ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಅವನ ಮೂಗಿನ ಕೆಳಗೇ ಹಿಟ್ಟಿನ ಕಡ್ಡಿಗಳು ಎಣ್ಣೆಯಲ್ಲಿ ಉಬ್ಬಿ ಹೊನ್ನಾಗುತ್ತಿದ್ದವು, ಮೊಟ್ಟೆ ರೊಟ್ಟಿಗಳು ಚುಂಯ್ಗುಡುತ್ತಿದ್ದವು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಜಿನ್‌ಫಾನಿಗೆ ಎರಡೂ ಇದ್ದವು, ಗಡಿಯಾರ ಒಪ್ಪುತ್ತಿರಲಿಲ್ಲ.

ಆದರೂ ಮೊದಲೆರಡು ತಿಂಗಳು ಅವನೇ ಗೆದ್ದ. ಸೋಯಾ ಕಾಳಿನ ಮೂಟೆ ತೂಗುವ ತಕ್ಕಡಿಯ ಮೇಲೆ ದಿನವೂ ನಿಲ್ಲುತ್ತಿದ್ದ, ಬಾವ್‌ಜು ಮುಳ್ಳು ನೋಡಿ ಹೇಳುತ್ತಿದ್ದಳು, ಅವನು ಹೊರಗೆ ಬಂದು ಹಲಗೆ ಮೇಲೆ ಬರೆಯುತ್ತಿದ್ದ. ಎಂಬತ್ತಾರು, ಎಂಬತ್ತನಾಲ್ಕು, ಎಂಬತ್ತೆರಡೂವರೆ. ದಿನಾ ಮೊದಲ ಬೆಂಚಿನಲ್ಲಿ ಕೂರುವ ನಿವೃತ್ತ ಲ್ಯಾವ್ ಮೇಷ್ಟ್ರು ಅದಕ್ಕೆ ತಲೆದೂಗುತ್ತಿದ್ದರು. ಅಲ್ಲಿಗೆ ಮುಳ್ಳು ನಿಂತೇ ಹೋಯಿತು. ಮೂರು ವಾರ! ಜಿನ್‌ಫಾ ಕ್ಷೌರ ಮಾಡಿಸಿಕೊಂಡು ತೂಗಿದ, ಕನ್ನಡಕ ತೆಗೆದು ತೂಗಿದ, ಉಸಿರು ಬಿಗಿಹಿಡಿದು ತೂಗಿದ, ಉಸಿರು ಪೂರ್ತಿ ಬಿಟ್ಟು ತೂಗಿದ. ಮುಳ್ಳು ಕದಲಲಿಲ್ಲ. ಮೇಷ್ಟ್ರು ಸೋಯಾ ಹಾಲು ಹೀರುತ್ತ, "ಏನು ಫಾಣ್ಣ, ಹಲಗೆ ಮೇಲಿನ ಅಂಕಿ ಅಳಿಸೋದಕ್ಕೆ ಮರೆತುಬಿಟ್ಯಾ?" ಎಂದು ವಿಚಾರಿಸುತ್ತಿದ್ದರು.

ಡಾಕ್ಟರ ಬಳಿ ಹೋಗಬೇಕಾದದ್ದು ಶುಕ್ರವಾರ, ಅಂಗಡಿಗೆ ರಜೆಯ ದಿನ. ಅದೇ ವಾರದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಾವ್‌ಜು ಮುಳ್ಳು ನೋಡಿ, ಮತ್ತೊಮ್ಮೆ ಬಗ್ಗಿ ನೋಡಿ, ಎಂಬತ್ತಮೂರು ಎಂದಳು. ಏರಿದೆ. ಉಪವಾಸ ಮಾಡಿ ಏರಿದೆ! ಅವಳು ಗಿರಾಕಿಗಳ ಕಡೆ ಹೋದಳು. ಜಿನ್‌ಫಾ ಹಿಂದಿನ ಕೋಣೆಯಲ್ಲಿ ಮೂಟೆಯ ಮೇಲೆ ಕುಸಿದು ಕುಳಿತ. ನಿಜಕ್ಕೂ ಅಳು ಬಂತು. ಎರಡೂಮುಕ್ಕಾಲು ತಿಂಗಳು ನಾಲಿಗೆ ಕಟ್ಟಿಹಾಕಿದ್ದು ಈ ಅರ್ಧ ಕಿಲೋ ಬಹುಮಾನಕ್ಕೇ?

ಎದುರಿಗೆ ಸೋಯಾ ಕಾಳು ರುಬ್ಬುವ ಯಂತ್ರವಿತ್ತು. ಅದರ ನೆತ್ತಿಯ ಮೇಲೆ ಹಸಿರು ಬಣ್ಣದ ಒಂದು ಪೊಟ್ಟಣ, ಒಳಗೆ ಅರಳಿದ ಜೋಳದ ಕುರುಕಲು. ಆ ಊರಿನಲ್ಲಿ ಯಂತ್ರವೆಂಬ ಯಂತ್ರದ ಮೇಲೆಲ್ಲ ಇಂಥದೊಂದು ಪೊಟ್ಟಣ ಇರಲೇಬೇಕು, ಮಗುವಿಗೆ ಮಿಠಾಯಿ ಕೊಟ್ಟು ಹಟ ಬಿಡಿಸಿದ ಹಾಗೆ. ಪೊಟ್ಟಣ ಹಸಿರಾಗಿಯೇ ಇರಬೇಕು, ಅವಧಿ ಮೀರಿರಬಾರದು, ಯಾರೂ ಬಿಚ್ಚಬಾರದು. ತಿಂದರಂತೂ ಮುಗಿಯಿತು, ಯಂತ್ರ ಮುನಿದು ಮಲಗುತ್ತದೆ. ಬಾವ್‌ಜು ಆರು ತಿಂಗಳಿಗೊಮ್ಮೆ ತಪ್ಪದೆ ಹೊಸದಿಡುತ್ತಿದ್ದಳು. ಯಂತ್ರ ಹದಿನೆಂಟು ವರ್ಷದಿಂದ ಒಂದು ದಿನವೂ ತಕರಾರು ಮಾಡಿರಲಿಲ್ಲ.

ಹೊರಗೆ ಏನು ಮುಟ್ಟಿದರೂ ಮೇಷ್ಟ್ರ ಕಣ್ಣು. ಇಲ್ಲಿ ನೋಡುವವರಿಲ್ಲ. ಅರಳಿದ ಜೋಳ ಎಂದರೆ ಮುಕ್ಕಾಲು ಪಾಲು ಗಾಳಿ, ಗಾಳಿ ತಿಂದರೆ ವ್ರತಭಂಗವೇ ಎಂದು ಜಿನ್‌ಫಾ ತನ್ನೊಳಗೇ ವಾದ ಹೂಡಿದ, ತಾನೇ ತೀರ್ಪನ್ನೂ ಕೊಟ್ಟ. ಐದು ನಿಮಿಷದಲ್ಲಿ ಪೊಟ್ಟಣದ ತಳ ಕಂಡಿತು. ಕೊನೆಯ ಪುಡಿಯನ್ನೂ ಬೆರಳು ನೆಕ್ಕಿ ಮುಗಿಸಿದ ಮೇಲೆ ವಿವೇಕ ಮರಳಿತು. ಕೈ ಒರೆಸುವ ಕಾಗದಗಳನ್ನು ಉಂಡೆ ಮಾಡಿ ತುಂಬಿ, ಅಂಟು ಪಟ್ಟಿ ಹಚ್ಚಿ, ಪೊಟ್ಟಣವನ್ನು ಇದ್ದಲ್ಲೇ ಇಟ್ಟ.

ಮಂಗಳವಾರ ಬೆಳಗಿನ ಜಾವ ಬಾವ್‌ಜು ನೆನೆದ ಕಾಳು ಸುರಿದು ಗುಂಡಿ ಒತ್ತಿದಳು. ಯಂತ್ರ ಉಸಿರೆತ್ತಲಿಲ್ಲ.

"ಹದಿನೆಂಟು ವರ್ಷ ನಿಲ್ಲದೇ ಇದ್ದಿದ್ದು ಇವತ್ಯಾಕೆ ನಿಲ್ತು?" ಎಂದಳು ಅವಳು. "ಯಾರಾದರೂ ಏನಾದರೂ ಮಾಡಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಜಿನ್‌ಫಾ ಮೀಸೆ ಒರೆಸಿಕೊಂಡ. ಆ ಯಂತ್ರದ ತಿರುಪು ತಿರುಪೂ ಬಲ್ಲವನು ಅವನು. ಬೇರೆ ದಿನವಾಗಿದ್ದರೆ ಮುಚ್ಚಳ ಬಿಚ್ಚಿ, ತಂತಿ ಎಳೆದು, ಬೆಲ್ಟು ಜಗ್ಗಿ ನೋಡುತ್ತಿದ್ದ. ಈ ದಿನ ಒಂದು ಬೆರಳೂ ತಾಗಿಸಲಿಲ್ಲ. ರೋಗ ಯಾವುದೆಂದು ಗೊತ್ತಿದ್ದವನು ಪರೀಕ್ಷೆ ಯಾಕೆ ಮಾಡಿಯಾನು? ಹೆಂಡತಿ ಅತ್ತ ಹೋದದ್ದೇ ತಡ, ರಾತ್ರಿಯಿಡೀ ತೆರೆದಿರುವ ಮೂಲೆಯಂಗಡಿಗೆ ಓಡಿ ಹೊಸ ಹಸಿರು ಪೊಟ್ಟಣ ತಂದಿಟ್ಟು, ಮೂರು ಊದುಕಡ್ಡಿ ಹಚ್ಚಿ, ಮೂರು ಸಲ ಸೊಂಟ ಬಗ್ಗಿಸಿ, ಹಸಿವಿನ ಭರದಲ್ಲಿ ಆದ ಅಪರಾಧ, ದೊಡ್ಡ ಮನಸ್ಸು ಮಾಡು ತಂದೆ ಎಂದು ಬೇಡಿಕೊಂಡ. ತಂದೆ ಮನಸ್ಸು ಮಾಡಲಿಲ್ಲ.

ಬಾವ್‌ಜು ರಿಪೇರಿಯವನಿಗೆ ಫೋನ್ ಮಾಡಿದಳಂತೆ. ಯಾವುದೋ ಬಿಡಿಭಾಗ ತೈಚುಂಗ್ ನಗರದಿಂದ ಬರಬೇಕಂತೆ, ವಾರ ಕಳೆಯುತ್ತದಂತೆ. ಅಲ್ಲಿಯವರೆಗೆ ಅಂಗಡಿ ಮುಚ್ಚುವುದು ಬೇಡ, ಹಿತ್ತಲಲ್ಲಿ ಅವಳಮ್ಮನ ಬೀಸುವ ಕಲ್ಲು ಇದೆ ಎಂದಳು. ಅಳಿಯನ ತೂಕದ ಆ ಕಲ್ಲಿನ ಮೇಲಿದ್ದ ಹೂಕುಂಡಗಳನ್ನು ಇಳಿಸಿ, ತೊಳೆದು, ಉದ್ದನೆಯ ಮರದ ಹಿಡಿ ಸಿಕ್ಕಿಸಿ ಗಂಡನ ಕೈಗೆ ಕೊಟ್ಟಳು. ಪಾಪಪ್ರಜ್ಞೆಯ ಗಂಡ ತುಟಿಪಿಟಕ್ಕೆನ್ನದೆ ತಿರುಗಿಸಿದ. ಎಂಟು ಗಂಟೆಯ ಹೊತ್ತಿಗೆ ಅಂಗಿ ಹಿಂಡುವಂತಾಗಿತ್ತು.

ಅಲ್ಲಿಗೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದ. ಲ್ಯಾವ್ ಮೇಷ್ಟ್ರು ಒಂದು ಗುಟುಕು ಕುಡಿದವರೇ ಕಣ್ಣು ಮುಚ್ಚಿ, "ಇದು ನಮ್ಮಜ್ಜಿ ಕಾಲದ ಹಾಲು," ಎಂದು ಘೋಷಿಸಿಬಿಟ್ಟರು. ಮಾತು ಬೀದಿಗೆ ಹಬ್ಬಿತು. ಬಾವ್‌ಜು ಹಲಗೆಯ ಮೇಲಿನ ತೂಕದ ಅಂಕಿ ಒರೆಸಿ, "ಕಲ್ಲಿನಲ್ಲಿ ರುಬ್ಬಿದ ಹಾಲು, ಮಾಲೀಕರ ಕೈಯಿಂದಲೇ" ಎಂದು ಬರೆದಳು. ಬುಧವಾರ ಗಿರಾಕಿಗಳ ಸಾಲು ಔಷಧದಂಗಡಿ ದಾಟಿತು. ಗುರುವಾರ ಅದು ತಿರುವು ದಾಟಿದಾಗ ಜಿನ್‌ಫಾ ಗಾಣದ ಎತ್ತಿನಂತೆ ಸುತ್ತುತ್ತಿದ್ದ. ಹಸಿವು ಎಂಬುದೇ ನೆನಪಾಗಲಿಲ್ಲ, ನೆನಪಾದರೂ ಬಾಯಿಗೆ ಎತ್ತಲು ತೋಳು ಏಳುತ್ತಿರಲಿಲ್ಲ. ರಾತ್ರಿ ಏಳಕ್ಕೇ ನಿದ್ದೆ.

ಶುಕ್ರವಾರ ಆಸ್ಪತ್ರೆಯ ತಕ್ಕಡಿ ಎಂಬತ್ತೊಂದೂಮುಕ್ಕಾಲು ತೋರಿಸಿತು. ಸಕ್ಕರೆಯೂ ಇಳಿದಿತ್ತು. ಸೂಜಿ ಬೇಡ, ಗುಳಿಗೆ ಸಾಕು ಎಂದ ಡಾಕ್ಟರು ಇಷ್ಟಕ್ಕೆಲ್ಲ ಗುಟ್ಟೇನು ಎಂದು ಕೇಳಿದರು. ಜಿನ್‌ಫಾ ಕುರ್ಚಿಯಲ್ಲಿ ನೆಟ್ಟಗಾಗಿ, ಎಲ್ಲ ಮನೋಬಲ ಡಾಕ್ಟ್ರೇ, ಮನುಷ್ಯ ನಾಲಿಗೆ ಗೆದ್ದರೆ ಲೋಕ ಗೆದ್ದಂತೆ ಎಂದು ಹತ್ತು ನಿಮಿಷ ಉಪನ್ಯಾಸ ಕೊಟ್ಟ. ಬಾವ್‌ಜು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಜಿನ್‌ಫಾನ ಎದೆ ಎಷ್ಟು ಹಗುರಾಗಿತ್ತೆಂದರೆ, ಉಳಿದಿದ್ದ ಒಂದೇ ಒಂದು ಭಾರವನ್ನೂ ಇಳಿಸಿಬಿಡೋಣ ಎನ್ನಿಸಿತು. ಅಂಗಡಿಯ ಬಾಗಿಲು ತೆಗೆಯುತ್ತ ತಲೆ ತಗ್ಗಿಸಿ ಹೇಳಿದ: "ಒಂದು ವಿಷಯ ಕಣೇ. ಸೋಮವಾರ ಯಂತ್ರದ ಪೊಟ್ಟಣ ನಾನೇ ತಿಂದಿದ್ದು. ಅದಕ್ಕೇ ಅದು ಮುನಿಸಿಕೊಂಡಿರೋದು."

"ಗೊತ್ತು. ನಿಮ್ಮ ಮೀಸೆ ತುಂಬ ಜೋಳದ ಪುಡಿ ಇತ್ತು."

ಅವಳು ಸೀದಾ ಹಿಂದಿನ ಕೋಣೆಗೆ ಹೋಗಿ, ಯಂತ್ರದ ಹಿಂಬದಿಯ ಗೋಡೆಗೆ ಕೈ ಹಾಕಿ, ಕರೆಂಟಿನ ಸ್ವಿಚ್ಚು ಹಾಕಿದಳು. ಯಂತ್ರ ಗುರ್ರ್ ಎಂದು ತಿರುಗತೊಡಗಿತು.

ಜಿನ್‌ಫಾ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. "ಮೂರು ದಿನ," ಎಂದಷ್ಟೇ ಹೊರಬಂತು.

"ಯಂತ್ರಕ್ಕೆ ಸಿಟ್ಟೇ ಬಂದಿರಲಿಲ್ಲ ರೀ. ಬಂದಿದ್ದು ನನಗೆ," ಎಂದಳು ಬಾವ್‌ಜು. ಅವಳ ಕಣ್ಣು ಒದ್ದೆಯಾಗಿತ್ತು. "ಸೂಜಿ ಚುಚ್ಚಬೇಕಾಗಿದ್ದಿದ್ದು ಈ ಕೈ ತಾನೇ? ಮೂರು ತಿಂಗಳಿಂದ ನಂಗೆ ನಿದ್ದೆ ಇಲ್ಲ. ಕಲ್ಲು ತಿರುಗಿಸಿ ಅಂದಿದ್ರೆ ತಿರುಗಿಸ್ತಿದ್ರಾ?"

ಜಿನ್‌ಫಾ ಹೆಂಡತಿಯ ಆ ಕೈಯನ್ನು ಹಿಡಿದುಕೊಂಡ. ಆಮೇಲೆ ಮೆಲ್ಲಗೆ, ಹೇಗೂ ಗಂಡಾಂತರ ಕಳೆಯಿತಲ್ಲ, ನಾಳೆಯಿಂದ ಯಂತ್ರವೇ ರುಬ್ಬಲಿ ಎಂದ.

ಬಾವ್‌ಜು ಕಣ್ಣೊರೆಸಿಕೊಂಡು ಸ್ವಿಚ್ಚು ಆರಿಸಿದಳು.

"ಮುಂದಿನ ತಪಾಸಣೆ ಮೂರು ತಿಂಗಳಿಗೆ ಅಂದಿದಾರೆ ಡಾಕ್ಟರು. ಅಲ್ಲೀವರೆಗೂ ತೈಚುಂಗಿಂದ ಬಿಡಿಭಾಗ ಬರೋ ಹಾಗೆ ಕಾಣಲ್ಲ."