ಈರುಳ್ಳಿ ತಿನ್ನದ ಗಾಡಿ

ನಮ್ಮ ಕಾಕಾನ ಗಾಡಿ ಈರುಳ್ಳಿ ತಿನ್ನುವುದಿಲ್ಲ. ನಗಬೇಡಿ! ಅದನ್ನು ತಳ್ಳಿದವನು ನಾನು.

ಮೂಲತಃ ಅದೊಂದು ಹಳೆಯ ಡೀಸೆಲ್ ಕಾರು. ಸಾಂಗಲಿ ಹತ್ತಿರದ ಕುಪವಾಡದ ವರ್ಕ್‌ಶಾಪಿನಲ್ಲಿ ಕಾಕಾ ಅದರ ಛಾವಣಿಯನ್ನು ಒಂದು ಗೇಣು ತಗ್ಗಿಸಿ, ಹಿಂಭಾಗ ಉದ್ದ ಮಾಡಿಸಿ, ಬಾನೆಟ್ ಕಿತ್ತೆಸೆದರು. ಒಳಗೆ ಕೂತವರು ಮುನಿಮಹಾರಾಜರ ಮುಂದೆ ಕೂತಂತೆ ದಾರಿಯುದ್ದಕ್ಕೂ ತಲೆಬಾಗಿರಬೇಕು. ಆಗಿನ ಬಣ್ಣ ಕೆಂಪು ಅಂತ ನನ್ನ ನೆನಪು. ಅರಿಶಿನ ಅಂತ ಕಾಕಾನ ಹೆಂಡತಿ, ನಮ್ಮ ಕಾಕುನ ವಾದ. ಇರುವ ಒಂದೇ ಫೋಟೋದಲ್ಲಿ, ತಳ್ಳುತ್ತಿರುವ ನನ್ನ ಬೆನ್ನೇ ತುಂಬಿಕೊಂಡಿದೆ!

ಇಂಧನ? ಕರಿದುಳಿದ ಎಣ್ಣೆ. ಹೋಟೆಲಿನವರು ಡಬ್ಬಿಗಟ್ಟಲೆ ಕೊಡಲು ತಯಾರಿದ್ದರು. ಆದರೆ ನಾವು ಜೈನರಲ್ಲವೇ? ಈರುಳ್ಳಿ, ಬಟಾಟೆ ಬಿದ್ದ ಎಣ್ಣೆ ಗಾಡಿಗೂ ವರ್ಜ್ಯ! ನಮ್ಮವರ ಮದುವೆ ಅಡುಗೆಯ ಎಣ್ಣೆಯೇ ಆಗಬೇಕು. ಅದನ್ನೂ ಕುಡಿಯುವ ನೀರಿನಂತೆ ಬಿಳಿಬಟ್ಟೆಯಲ್ಲಿ ಸೋಸಬೇಕು. ಹೊತ್ತು ಮುಳುಗಿದ ಮೇಲೆ ಒಂದು ತೊಟ್ಟೂ ಹಾಕುವಂತಿಲ್ಲ.

"ಕಾಕಾ, ಗಾಡಿಗೆ ಎಲ್ಲೀ ಧರ್ಮರೀ?"

"ನಮ್ಮನ್ಯಾಗ ಇರತೈತಿಲ್ಲೋ? ಹಂಗಾದ್ರ ನಮ್ಮನಿ ನೇಮ ಅದಕ್ಕೂ ಐತಿ."

ಇಷ್ಟೆಲ್ಲ ಪಡಿಪಾಟಲು ಕಾಕುಗಾಗಿ ಅಂತ ಕಾಕಾ ಅನ್ನುತ್ತಿದ್ದರು, ನಾನು ನಂಬಿರಲಿಲ್ಲ. ಪೆಟ್ರೋಲು, ಡೀಸೆಲ್ಲಿನ ವಾಸನೆ ಬಡಿದರೆ ಕಾಕುಗೆ ವಾಂತಿ. ಬಸ್ಸಿಲ್ಲ, ರಿಕ್ಷಾ ಇಲ್ಲ. ಸಾಂಗಲಿಯಿಂದ ಮಿರಜ ಎಷ್ಟು ದೂರ? ಆದರೂ ಕಾಕು ಅಲ್ಲಿನ ತಮ್ಮ ಅಕ್ಕನ ಮನೆಗೆ ಹೋಗಿ ವರ್ಷಗಳೇ ಆಗಿದ್ದವು.

ಆ ಅಕ್ಕನಿಗೆ ಮಿರಜದಲ್ಲೇ ಹೃದಯದ ಆಪರೇಷನ್ ಎಂದಾಯಿತು. ಹನ್ನೊಂದಕ್ಕೆ ಒಳಗೆ ಒಯ್ಯುತ್ತಾರೆ. ಅಷ್ಟರೊಳಗೆ ತಂಗಿಯ ಮುಖ ನೋಡಬೇಕಂತೆ. ಕಾಕು ಪ್ಲಾಸ್ಟಿಕ್ ಚೀಲವೊಂದನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿದು ಗಾಡಿ ಹತ್ತಿದರು.

ದಾರಿಯಲ್ಲಿ, ವಿಶ್ರಾಮಬಾಗದ ಹತ್ತಿರ, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಎಣ್ಣೆ ಟಾಕಿ ಖಾಲಿ! ಹಿಂದಿನ ಸಂಜೆ ಎಣ್ಣೆ ಸೋಸಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತಂತೆ. ಬೆಳಗಿನ ಗಡಿಬಿಡಿಯಲ್ಲಿ ಮರೆತರಂತೆ. ಹಣೆ ಚಚ್ಚಿಕೊಳ್ಳೋಣವೆಂದರೆ ಛಾವಣಿ ಮೊದಲೇ ಚಚ್ಚುತ್ತಿತ್ತು!

ಎದುರಿಗೇ ಪೆಟ್ರೋಲ್ ಪಂಪು. ಪಕ್ಕದಲ್ಲಿ ಈರುಳ್ಳಿ ಭಜಿಯ ಅಂಗಡಿ.

"ಡೀಸೆಲ್ ಹಾಕಸ್ರಿ ಕಾಕಾ!"

"ಅಕಿಗೆ ಆ ವಾಸನಿ ತಡಿಯೂದಿಲ್ಲಲೇ."

"ಹಂಗಾರ ಮಿರಜ ಮಟಾ ತಳ್ಳಲೇನ್ರೀ?"

ಕಾಕು ನನ್ನ ಕೈಗಡಿಯಾರ ನೋಡಿದರು. ಕಾಕಾ ಕಾಕುನ ಮುಖ ನೋಡಿದರು. ಭಜಿ ಅಂಗಡಿಗೆ ನಡೆದು, ನಿನ್ನೆಯ ಎಣ್ಣೆಯ ಡಬ್ಬಿ ತಂದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಸೋಸಿ, ಕಣ್ಣು ಮುಚ್ಚಿ ಸುರಿದರು.

ರಸ್ತೆಗೆಲ್ಲ ಈರುಳ್ಳಿ ಭಜಿಯ ಘಮಘಮ! ಜನ್ಮದಲ್ಲಿ ಈರುಳ್ಳಿ ಮುಟ್ಟದ ಕಾಕು ಮೂಗಿಗೆ ಸೆರಗು ಒತ್ತಿಕೊಂಡು ಅಂದರು: "ಜೋರ ಬಿಡ್ರಿ."

ಆಸ್ಪತ್ರೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ ಇತ್ತೋ ಹತ್ತೋ, ಮೂವರೂ ಮೂರು ಹೇಳುತ್ತೇವೆ. ಅಕ್ಕತಂಗಿಯರು ಕೈ ಬಿಡದೆ ನಿಂತದ್ದರಲ್ಲಿ ಮಾತ್ರ ತಕರಾರಿಲ್ಲ. ಆಪರೇಷನ್ ಸುಸೂತ್ರವಾಯಿತು. ಪ್ಲಾಸ್ಟಿಕ್ ಚೀಲ ಮಡಿಚಿದಂತೆಯೇ ಮನೆಗೆ ಬಂತು.

ಮರುದಿನ ಊಟದ ಹೊತ್ತಿಗೆ ಕಾಕಾನ ತಾಟು ಇರಲಿಲ್ಲ.

"ಇವತ್ತೇನು ಉಪವಾಸರೀ, ಕಾಕಾ?"

"ಗಾಡೀದು. ಅದು ಉಳ್ಳಾಗಡ್ಡಿ ತಿಂದೈತಿ. ಅದರ ಉಪವಾಸ ನಾ ಹಿಡದೀನಿ."

ಕಾಕು ನನಗೆ ರೊಟ್ಟಿ ಬಡಿಸಿ, ತಮ್ಮ ತಾಟನ್ನು ಮೆಲ್ಲಗೆ ಬೋರಲು ಹಾಕಿದರು.

"ಅದರಾಗ ಕುಂತು ಹ್ವಾದಾಕಿ ನಾನಲ್ಲೇನ್ರೀ?"