ಕ್ಯೂಆರ್ ಚೌಕದ ಕುಂಕುಮ ಮತ್ತು ಬೀಗರ ಕಾರು

ಸಂಖ್ಯೆ: ವೇ.ಚಾ.ಕೇಂ/ಕುಂಕುಮ/ಬೀಗರು/ತುರ್ತು
ಬಸವೇಶ್ವರನಗರ ಉಪವಿಭಾಗ, ಬೆಂಗಳೂರು

ಸುತ್ತೋಲೆ

ವಿಷಯ: ಸಾರ್ವಜನಿಕ ವೇಗದ ಚಾರ್ಜಿಂಗ್ ಯಂತ್ರದ ಹಣ ಪಾವತಿ ಚೌಕಕ್ಕೆ ಅರಿಶಿನ-ಕುಂಕುಮ ಹಚ್ಚಿರುವ, ಹಾಗೂ ಹಚ್ಚಿದ್ದನ್ನು ಯಾರೂ ಒರೆಸದಿರುವ ಬಗ್ಗೆ.

ಉಲ್ಲೇಖ:
(1) ಶ್ರೀ ನಂಜುಂಡಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು, ವಿಜಯನಗರ, ಇವರು ಸ್ಥಳದಿಂದಲೇ ಬರೆದ ಮನವಿ.
(2) ಸದರಿಯವರ ಎರಡನೇ ಮನವಿ (ಕೋಪದ್ದು).
(3) ಸದರಿಯವರ ಧರ್ಮಪತ್ನಿ ಶ್ರೀಮತಿ ರಾಮಮ್ಮ ದೂರವಾಣಿಯಲ್ಲಿ ಆಡಿದ ಮಾತು (ಪೂರ್ತಿ ದಾಖಲಿಸಲು ಯೋಗ್ಯವಲ್ಲ).

ಪ್ರಸ್ತಾವನೆ:

ಸದರಿ ನಂಜುಂಡಪ್ಪನವರ ಮಗಳು ಚೇತನಾಳ ನಿಶ್ಚಿತಾರ್ಥವು ವಿಜಯದಶಮಿಯಂದು ಕೆಂಗೇರಿಯ ಛತ್ರದಲ್ಲಿ ಗೊತ್ತಾಗಿತ್ತು. ಸಾಮಾನು ಸಾಗಿಸಲೆಂದು ಬೀಗರಾಗಲಿರುವ ಶ್ರೀ ಜಗನ್ನಾಥರು ತಮ್ಮ ಹೊಸ ವಿದ್ಯುತ್ ಕಾರನ್ನು ಕೊಟ್ಟಿದ್ದರು. ಇಸಕೊಂಡ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನಂಜುಂಡಪ್ಪನವರ ಮನೆಯ ಪದ್ಧತಿ. ಅದು ಕಾರಿಗೂ ಅನ್ವಯಿಸುತ್ತದೆಂದು ತಾವೇ ತೀರ್ಮಾನಿಸಿ, ಆಯುಧಪೂಜೆಯ ಸಂಜೆ ಬ್ಯಾಟರಿ ತುಂಬಿಸಲು ನಮ್ಮ ಕೇಂದ್ರಕ್ಕೆ ಬಂದರು. ಬೀಗರ ಮುಂದೆ ಮಾನ ಉಳಿಯಬೇಕೆಂಬುದೊಂದೇ ಅವರ ಆಸೆಯಾಗಿತ್ತೆಂದು ಮನವಿಯಿಂದ ತಿಳಿದುಬರುತ್ತದೆ.

ಬ್ಯಾಟರಿ ತುಂಬಿತು. ಆದರೆ ಹಣ ಸಂದಾಯವಾಗದೆ ಯಂತ್ರವು ಕಾರಿಗೆ ಸಿಕ್ಕಿಸಿದ ಚಾರ್ಜಿಂಗ್ ಕೇಬಲ್ಲಿನ ಗನ್ನನ್ನು ಬಿಡುವುದಿಲ್ಲ. ಹಣ ಕಟ್ಟಬೇಕಾದ ಕ್ಯೂಆರ್ ಚೌಕವನ್ನು ಮೊಬೈಲು ಓದಲೊಲ್ಲದು. ಪಕ್ಕದಲ್ಲಿ ಹೂವು ಮಾರುವ ಶ್ರೀಮತಿ ವೆಂಕಟಲಕ್ಷ್ಮಮ್ಮ ಅಷ್ಟರಲ್ಲಿ ಯಂತ್ರಕ್ಕೆ ಪೂಜೆ ಮಾಡಿ ಮುಗಿಸಿದ್ದರು. ವೆಂಕಟಲಕ್ಷ್ಮಮ್ಮನವರ ಹೇಳಿಕೆ ಇಂತಿದೆ: "ಯಾರೋ ಚೆಂದಾಗಿ ರಂಗೋಲಿ ಬಿಟ್ಟವ್ರೆ ಸಾರ್. ಮೂರು ಮೂಲೇಲಿ ಬೊಟ್ಟಿಡಕ್ಕೆ ಜಾಗ ಮಾಡವ್ರೆ, ನಾಲ್ಕನೇದು ಮರ್ತವ್ರೆ. ಹಬ್ಬದ ದಿನ ಮೂಲೆ ಬೋಳಾಗಿರಬಾರ್ದು ಅಂತ ಅಲ್ಲಿಗೂ ಒಂದಿಟ್ಟೆ."

ಒರೆಸಿದರೆ ಮುಗಿಯಿತಲ್ಲ ಎಂದು ನಂಜುಂಡಪ್ಪನವರು ಕರವಸ್ತ್ರ ತೆಗೆದದ್ದು ನಿಜ. ಆಗಲೇ ಉಲ್ಲೇಖ (3)ರ ಕರೆ ಬಂತು. ಕುಂಕುಮ ಒರೆಸುತ್ತಿದ್ದೇನೆಂದು ಇವರು ಹೇಳಿದ್ದೇ ತಡ, ರಾಮಮ್ಮನವರು: "ಮಗಳ ನಿಶ್ಚಿತಾರ್ಥ ಇಟ್ಕೊಂಡು ಕುಂಕುಮ ಒರೆಸ್ತೀರಾ? ಬುದ್ಧಿ ನೆಟ್ಟಗಿದೆಯೇನ್ರೀ ನಿಮ್ಗೆ?" ಕರವಸ್ತ್ರವು ಜೇಬಿಗೆ ಹಿಂದಿರುಗಿತು. ತರುವಾಯ ಲಗ್ಗೆರೆ, ಹೆಗ್ಗನಹಳ್ಳಿ ಕಡೆಯಿಂದ ಬಂದ ಯಾವ ಚಾಲಕನೂ, ಈ ಇಲಾಖೆಯ ಯಾವ ನೌಕರನೂ ಆ ಪಾಪ ಕಟ್ಟಿಕೊಳ್ಳಲು ಮುಂದೆ ಬರಲಿಲ್ಲ.

ಆದುದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಕ್ಯೂಆರ್ ಚೌಕವು ರಂಗೋಲಿಯಲ್ಲ. ಅದರ ನಾಲ್ಕನೇ ಮೂಲೆ ಬೋಳಾಗಿರುವುದು ಇಲಾಖೆಯ ಗಮನದಲ್ಲಿದ್ದು, ಹಾಗೆಯೇ ಬಿಡತಕ್ಕದ್ದು.

2. ಯಂತ್ರಕ್ಕೆ ಬೊಟ್ಟಿಡುವವರು ಅದರ ಹಣೆಗೆ ಮಾತ್ರ ಇಡತಕ್ಕದ್ದು. ಯಂತ್ರದ ಹಣೆ ಯಾವುದೆಂದು ತೀರ್ಮಾನಿಸಲು ಸಮಿತಿಯನ್ನು ರಚಿಸಲಾಗಿದೆ. ವರದಿ ಬರುವವರೆಗೆ ಯಂತ್ರದ ಎಲ್ಲ ಭಾಗವನ್ನೂ ಹಣೆಯೆಂದೇ ಭಾವಿಸತಕ್ಕದ್ದು.

3. ಮಂಗಳಾರತಿ ತಟ್ಟೆಗೆ ಹಾಕಿದ ಹಣವನ್ನು ಚಾರ್ಜಿಂಗ್ ಶುಲ್ಕವೆಂದು ಪರಿಗಣಿಸಲಾಗದು. ನಂಜುಂಡಪ್ಪನವರು ಹಾಕಿದ್ದು ದಕ್ಷಿಣೆಯ ಖಾತೆಗೆ ಹೋಗಿದೆ. ಅಂತಹ ಖಾತೆ ಈ ಇಲಾಖೆಯಲ್ಲಿಲ್ಲ.

4. ಚಕ್ರದಡಿ ಇಟ್ಟ ನಿಂಬೆಹಣ್ಣನ್ನು ಕಾರು ಹತ್ತಿಸಿ ಅಪ್ಪಚ್ಚಿ ಮಾಡುವುದು ವಾಡಿಕೆ. ಗನ್ ಸಿಕ್ಕಿಕೊಂಡ ಕಾರು ಚಲಿಸಲಾಗದ್ದರಿಂದ, ಅಂತಹ ಸಂದರ್ಭದಲ್ಲಿ ನಿಂಬೆಹಣ್ಣು ಸ್ವಂತ ಜವಾಬ್ದಾರಿಯ ಮೇಲೆ ಅಪ್ಪಚ್ಚಿಯಾಗತಕ್ಕದ್ದು.

5. ಚಾರ್ಜಿಂಗ್ ಕೇಂದ್ರದಲ್ಲಿ ನಿಶ್ಚಿತಾರ್ಥ ನಡೆಸತಕ್ಕದ್ದಲ್ಲ. ಕಾರು ಬಿಟ್ಟು ಕದಲಲೊಲ್ಲದ ನಂಜುಂಡಪ್ಪನವರಿಗಾಗಿ ಜಗನ್ನಾಥರು, "ಕಾರು ಬರ್ದಿದ್ರೆ ಹೋಗ್ಲಿ ಬಿಡಿ ಬೀಗ್ರೇ, ನಾವೇ ಬರ್ತೀವಿ" ಎಂದು ಛತ್ರದ ಅಡುಗೆಯ ಸಮೇತ ಇಲ್ಲಿಗೇ ಬಂದು, ಯಂತ್ರಕ್ಕೆ ಕಟ್ಟಿದ್ದ ಬಾಳೆಕಂದಿನ ನಡುವೆ ತಾಂಬೂಲ ಬದಲಾಯಿಸಿಕೊಂಡಿದ್ದಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಹೋಳಿಗೆ ಚೆನ್ನಾಗಿತ್ತೆಂದು ಸ್ಥಳ ಪರಿಶೀಲನಾ ವರದಿಯಲ್ಲಿದೆ. ನಂಜುಂಡಪ್ಪನವರ ಕಣ್ಣು ತುಂಬಿ ಬಂದದ್ದೂ ಅದರಲ್ಲಿದೆ. ಆದರೂ ತುಂಬಿದ ಕಾರನ್ನು ಬೀಗರ ಮನೆ ಬಾಗಿಲಿಗೆ ಒಪ್ಪಿಸದೆ ತಾವು ಮನೆಗೆ ಹೋಗುವುದಿಲ್ಲವೆಂದು ಅವರು ಹಟ ಹಿಡಿದಿರುತ್ತಾರೆ.

6. ಕುಂಕುಮವನ್ನು 'ಒರೆಸುವುದು' ಎಂಬ ಪದವನ್ನು ಇನ್ನು ಮುಂದೆ ಬಳಸತಕ್ಕದ್ದಲ್ಲ, 'ವಿಸರ್ಜಿಸುವುದು' ಎನ್ನತಕ್ಕದ್ದು. ಅದರಂತೆ ಇಂದು ಬೆಳಿಗ್ಗೆ ಪುರೋಹಿತರಿಂದ ಮಂತ್ರಪೂರ್ವಕವಾಗಿ ಚೌಕದ ಮೇಲಿನ ಕುಂಕುಮವನ್ನು ವಿಸರ್ಜಿಸಲಾಗಿದ್ದು, ಚೌಕವು ಫಳಫಳ ಹೊಳೆಯುತ್ತಿದೆ. ರಾಮಮ್ಮನವರ ಒಪ್ಪಿಗೆಯನ್ನೂ ಪಡೆಯಲಾಗಿದೆ. ನಂಜುಂಡಪ್ಪನವರು ಒಂದು ಟೀ ಕುಡಿದು ಬಂದು, ಹಣ ಕಟ್ಟಿ, ಗನ್ ಬಿಡಿಸಿಕೊಂಡು ಹೊರಡಬಹುದು.

(ಸಹಿ/-)
ಭೈರೇಶ್
ಸಹಾಯಕ ಅಧೀಕ್ಷಕರು (ಪಾವತಿ ಮತ್ತು ಪೂಜೆ)

ಪ್ರತಿಗಳು:
1. ಯಂತ್ರದ ಹಣೆ ನಿರ್ಧಾರ ಸಮಿತಿಗೆ, ಹಣೆ ಸಿಕ್ಕಿದಲ್ಲಿ ತಿಳಿಸಲು.
2. ಶ್ರೀಮತಿ ವೆಂಕಟಲಕ್ಷ್ಮಮ್ಮ, ಹೂವಿನ ಅಂಗಡಿ, ಇವರಿಗೆ, ಕುಂಕುಮದ ಭರಣಿಯನ್ನು ಸ್ವಲ್ಪ ಹೊತ್ತು ಮುಚ್ಚಿಡುವ ಕೋರಿಕೆಯೊಂದಿಗೆ.
3. ಶ್ರೀಮತಿ ರಾಮಮ್ಮನವರಿಗೆ, ಕೈಮುಗಿದು.
4. ಶ್ರೀ ನಂಜುಂಡಪ್ಪ, ಬೀಗರ ಕಾರಿನ ಹಿಂದಿನ ಸೀಟು, ಬಸವೇಶ್ವರನಗರ.
5. ಚಾರ್ಜಿಂಗ್ ಯಂತ್ರಕ್ಕೆ, ಎಲ್ಲರ ಕಣ್ಣಿಗೂ ಬೀಳುವಂತೆ ಮುಂಭಾಗದಲ್ಲಿ ಅಂಟಿಸಲು. ಕುಂಕುಮವಿಲ್ಲದ ಜಾಗ ಸದ್ಯಕ್ಕೆ ಒಂದೇ ಇರುವುದರಿಂದ ಆ ಚೌಕದ ಮೇಲೆಯೇ, ಮತ್ತೆ ಯಾರೂ ಕೀಳಲು ಬಾರದಂತೆ, ಗಟ್ಟಿ ಗೋಂದು ಹಾಕಿ ಅಂಟಿಸತಕ್ಕದ್ದು. ನಂಜುಂಡಪ್ಪನವರು ಟೀ ಮುಗಿಸುವುದರೊಳಗೆ ಈ ಕೆಲಸ ಆಗಿರಬೇಕು.